ಎರಡಣ್ಣನಿಗೆ ಯಾವ ಕಾಲ

ಕ್ಯಾಬ್ರಮ್ಯಾಟಾ, ಸಿಡ್ನಿ
14 ಫೆಬ್ರವರಿ 1993

ಅಮ್ಮಾ,

ಮೊಣಕಾಲು ಹೇಗಿದೆ? ಕಡುಬಿನ ಬುಟ್ಟಿ ಹೊತ್ತುಕೊಂಡು ದೋಣಿಕಟ್ಟೆಗೆ ಹೋಗುವುದನ್ನು ಬಿಟ್ಟೆಯೋ ಇಲ್ಲವೋ? ಬಿಟ್ಟಿರುವುದಿಲ್ಲ ಎಂದು ಗೊತ್ತು, ಆದರೂ ಕೇಳುತ್ತಿದ್ದೇನೆ.

ಇಲ್ಲಿ ಶಾಲೆ ಶುರುವಾಯಿತು. ಹನ್ನೆರಡನೆಯ ತರಗತಿ, ಇದೇ ಕೊನೆಯದು. ನವೆಂಬರಿನಲ್ಲಿ ದೊಡ್ಡ ಪರೀಕ್ಷೆ, ಅದರ ಅಂಕದ ಮೇಲೆ ವಿಶ್ವವಿದ್ಯಾಲಯ. ನನಗೆ ಬೇಕಾಗಿರುವುದು ಒಂದೇ. ಗಣಿತ ಓದಬೇಕು, ಗಣಿತವನ್ನೇ ಕಲಿಸಬೇಕು. ಅಪ್ಪ ಯುದ್ಧದಲ್ಲಿ ಸೋತ ಸಾಯ್‌ಗಾನಿನ ಹಳೆಯ ಸರ್ಕಾರದ ನೌಕರ ಎಂದು ಅಲ್ಲಿ ಎರಡಣ್ಣನಿಗೆ ಕಾಲೇಜಿನ ಬಾಗಿಲು ತೆಗೆಯಲಿಲ್ಲವಲ್ಲ, ಇಲ್ಲಿ ನನ್ನ ಅಪ್ಪ ಯಾರೆಂದು ಯಾರೂ ಕೇಳುವುದಿಲ್ಲ. ಕೇಳುವುದು ಇಂಗ್ಲಿಷ್ ಬರುತ್ತದೆಯೇ ಎಂದು ಮಾತ್ರ. ಭೂಗೋಳ ಬೇಡವಾದರೆ ಬಿಡಬಹುದು, ಚರಿತ್ರೆ ಬೇಡವಾದರೆ ಬಿಡಬಹುದು. ಇಂಗ್ಲಿಷನ್ನು ಬಿಡುವ ಹಾಗಿಲ್ಲ. ಲೆಕ್ಕದಲ್ಲಿ ಎಷ್ಟೇ ಬುದ್ಧಿವಂತೆಯಾಗಿದ್ದರೂ ಇಂಗ್ಲಿಷಿನಲ್ಲಿ ಬಿದ್ದರೆ ನಾನು ಕೇಳಿದ ಕೋರ್ಸು ಸಿಗುವುದಿಲ್ಲ.

ಲೆಕ್ಕದ ಚಿಂತೆ ನಿನಗೆ ಬೇಡ. ಹೋದ ವಾರದ ಟೆಸ್ಟಿನ ಹಾಳೆ ವಾಪಸು ಕೊಡುವಾಗ ಮೇಷ್ಟ್ರು, "ಕೊನೇ ಲೆಕ್ಕಾನ ನೀನು ಮಾಡಿರೋ ದಾರಿ ನನಗೂ ಹೊಳೆದಿರ್ಲಿಲ್ಲ ಕಣಮ್ಮ" ಎಂದರು. ಆ ದಾರಿ ಎರಡಣ್ಣ ಹೇಳಿಕೊಟ್ಟದ್ದು, ಮರಳಿನ ಮೇಲೆ ಕಡ್ಡಿಯಲ್ಲಿ ಗೀಚಿ. ಅದೂ ಎಡಗೈಯಲ್ಲಿ.

ಇಂಗ್ಲಿಷ್ ಟೀಚರ್ ಮಿಸೆಸ್ ಕರಾಲಿಸ್. ಗ್ರೀಸಿನವರು, ಚಿಕ್ಕವರಿದ್ದಾಗ ಹಡಗಿನಲ್ಲಿ ಬಂದವರಂತೆ. ಓದಲು ಕೊಟ್ಟ ನಾಟಕದಲ್ಲಿ ರಾಜ ಮಾಡಿದ್ದು ಸರಿಯೋ ತಪ್ಪೋ ಚರ್ಚಿಸಿ ಎಂದಿದ್ದರು. ನಾನು ಕಾರಣಗಳನ್ನು ಒಂದರ ಕೆಳಗೊಂದು ಬರೆದು, ಕೊನೆಗೆ "ಉತ್ತರ: ತಪ್ಪು" ಎಂದು ಹಾಕಿ ಕೆಳಗೆ ಎರಡು ಗೆರೆ ಎಳೆದೆ. ಅರ್ಧ ಪುಟಕ್ಕೆ ಮುಗಿಯಿತು.

"ಉಯೆನ್, ಇದೇನಿದು ಎರಡು ಗೆರೆ?" ಎಂದು ಕೇಳಿದರು.

"ಉತ್ತರ ಬಂತು ಅಂತ ಮಿಸ್. ಲೆಕ್ಕದಲ್ಲಿ ಹಾಗೇ."

"ಇಲ್ಲಿ ಉತ್ತರ ಬರಲ್ಲ. ನಾಲ್ಕು ಪುಟ ಮಾತಾಡ್ಬೇಕು, ಆಮೇಲೂ ಬರಲ್ಲ."

ಚಿಕ್ಕಪ್ಪನಿಗೆ ಹೇಳಿದರೆ ಅವನು ನಕ್ಕುಬಿಟ್ಟ. "ಇಂಗ್ಲಿಷ್ ಏನ್ ಮಹಾ ಬಿಡೇ. ನಾನು ಯೆಸ್, ನೋ, ಟುಮಾರೋ, ಮೂರೇ ಪದದಲ್ಲಿ ಹಾಸಿಗೆ ಫ್ಯಾಕ್ಟರೀಲಿ ಸೂಪರ್‌ವೈಸರ್ ಆಗಿಲ್ವಾ?" ಚಿಕ್ಕಮ್ಮ ಹೊಲಿಗೆ ಯಂತ್ರ ನಿಲ್ಲಿಸದೆಯೇ, "ಅದ್ರಲ್ಲಿ ಟುಮಾರೋನೇ ಜಾಸ್ತಿ" ಎಂದಳು.

ನಿನ್ನ ಮಗಳು,
ಉಯೆನ್


ಬೆನ್ ತ್ರೆ
12 ಮಾರ್ಚ್ 1993

ಮೂರಮ್ಮಾ,

ಬುಟ್ಟಿ ಬಿಟ್ಟಿಲ್ಲ. ಬಿಟ್ಟರೆ ಕಡುಬು ತಾನೇ ನಡೆದು ಹೋಗುತ್ತದೆಯೇ? ನನ್ನ ಮೊಣಕಾಲನ್ನು ನನಗೆ ಬಿಟ್ಟು ನೀನು ಹೊಟ್ಟೆ ತುಂಬ ತಿನ್ನು. ಚಿಕ್ಕಮ್ಮ ಕಳಿಸಿದ ಫೋಟೋದಲ್ಲಿ ನಿನ್ನ ಕೆನ್ನೆ ಕೆನ್ನೆಯ ಹಾಗೆ ಕಾಣಲಿಲ್ಲ.

ಇಂಗ್ಲಿಷಿನಲ್ಲಿ ನನಗೆ ಗೊತ್ತಿರುವುದು ಓಕೆ ಒಂದೇ. ಅದೂ ಅಮೆರಿಕದ ಸಿಪಾಯಿಗಳು ಇದ್ದಾಗಿನದ್ದು, ಈಗ ಹಳಸಿರಬೇಕು. ಆದರೆ ನಾಲ್ಕು ಪುಟ ಮಾತಾಡಿ ಉತ್ತರ ಕೊಡದೆ ಇರುವುದು ಅಷ್ಟು ಕಷ್ಟವೇ? ನಮ್ಮ ವಾರ್ಡಿನ ಅಧಿಕಾರಿಯ ಹತ್ತಿರ ಒಂದು ದಿನ ಕೂತು ಬಾ, ಚೆನ್ನಾಗಿ ಕಲಿಸುತ್ತಾನೆ.

ನಿಮ್ಮ ಚಿಕ್ಕಪ್ಪ ನನಗೆ ಬೇರೆಯಾಗಿ ಬರೆದಿದ್ದಾನೆ, ನಿನಗೆ ಹೇಳಿದನೋ ಇಲ್ಲವೋ. ಐದು ವರ್ಷವಾಯಿತು ಅತ್ತಿಗೆ, ದೇಶ ಬಿಟ್ಟು ದೋಣಿ ಹೊರಟ ದಿನವನ್ನೇ ನಿಮ್ಮ ಮಗ ಎರಡಪ್ಪನ ತಿಥಿ ಎಂದು ಇಟ್ಟುಕೊಳ್ಳಿ, ಸಮುದ್ರದಲ್ಲಿ ಕಳೆದುಕೊಂಡವರೆಲ್ಲ ಹಾಗೇ ಮಾಡುತ್ತಾರೆ, ಇಲ್ಲದಿದ್ದರೆ ಹುಡುಗ ಹಸಿದುಕೊಂಡು ಅಲೆಯುತ್ತಾನೆ ಎಂದು. ಬಹಳ ನಯವಾಗಿ ಬರೆದಿದ್ದಾನೆ. ಆ ದಿನ ನನ್ನ ಮಗ ಎರಡು ತಟ್ಟೆ ಅನ್ನ ಉಂಡು, ನನ್ನ ಭುಜದ ಮೇಲೆ ಗಲ್ಲ ಇಟ್ಟು, ನಗುತ್ತ ಹೋದ. ಅದು ಹೇಗೆ ತಿಥಿಯಾಗುತ್ತದೆ? ದೇವರ ಮಾಡದಲ್ಲಿ ನಿಮ್ಮಪ್ಪನ ಫೋಟೋ ಒಂದೇ ಇದೆ, ಒಂದೇ ಇರುತ್ತದೆ. ಎರಡಪ್ಪನ ಪಾಲಿನ ಅನ್ನವನ್ನು ನಾನು ದೇವರ ಮಾಡದ ಮುಂದೆ ಇಡುವುದಿಲ್ಲ. ಬದುಕಿರುವವರ ಅನ್ನ ಇರುವುದು ಪಾತ್ರೆಯಲ್ಲಿ, ದಿನವೂ ಅವನ ಪಾಲನ್ನು ಅಲ್ಲೇ ಬಿಡುತ್ತೇನೆ.

ಅವನಿಗೆ ಇದನ್ನೆಲ್ಲ ಓದಿ ಹೇಳಬೇಡ. ನಾನೇ ಬರೆಯುತ್ತೇನೆ, ಅವನಿಗೆ ತಕ್ಕ ಮಾತಿನಲ್ಲಿ.

ಅಮ್ಮ


ಕ್ಯಾಬ್ರಮ್ಯಾಟಾ
18 ಏಪ್ರಿಲ್ 1993

ಅಮ್ಮಾ,

ನಿನ್ನ ಕಾಗದ ಚಿಕ್ಕಪ್ಪನಿಗೂ ಬಂತು. ಏನು ಬರೆದೆಯೋ, ಓದಿ ಎದ್ದು ಹಿತ್ತಲಿಗೆ ಹೋದವನು ಪುದೀನಕ್ಕೆ ನೀರು ಹಾಕುತ್ತಲೇ ನಿಂತಿದ್ದ. ಪುದೀನ ಕೊಳೆಯಿತು.

ಒಂದು ವಿಷಯ ಹೇಳಬೇಕು. ಮಿಸೆಸ್ ಕರಾಲಿಸ್ ಒಂದು ದಿನ ನನ್ನನ್ನು ನಿಲ್ಲಿಸಿಕೊಂಡು, ನಿನ್ನ ಇಂಗ್ಲಿಷ್ ಹಲಗೆಯ ಹಾಗಿದೆ, ತಪ್ಪಿಲ್ಲ, ಜೀವವೂ ಇಲ್ಲ ಎಂದರು. ಪರೀಕ್ಷೆಯಲ್ಲಿ ಸ್ವಂತ ಬರಹ ಒಂದು ಇರುತ್ತದೆ, ಅದಕ್ಕೆ ಅಂಕ ಜಾಸ್ತಿ. ನಿನಗೆ ಚೆನ್ನಾಗಿ ಗೊತ್ತಿರುವ ಒಬ್ಬರ ಬಗ್ಗೆ ಒಂದು ಪುಟ ಬರೆದುಕೊಂಡು ಬಾ ಎಂದರು. ನಾನು ಎರಡಣ್ಣನ ಬಗ್ಗೆ ಬರೆದೆ. ನಿಘಂಟು ಕೂಡ ತೆಗೆಯಲಿಲ್ಲ, ಹಾಗೇ ಬಂತು.

ಅವರು ಓದಿ ಮೊದಲು ಕೇಳಿದ್ದು, "ಎರಡನೇ ಅಣ್ಣ ಅಂತ ಬರ್ದಿದೀಯ. ಮೊದಲನೇ ಅಣ್ಣ ಏನ್ಮಾಡ್ತಾನೆ?"

"ಮೊದಲನೆಯವನು ಇಲ್ಲ ಮಿಸ್. ಎರಡನೆಯವನೇ ಮೊದಲನೆಯವನು. ನಾನು ಮೂರನೆಯವಳು, ಅಂದರೆ ಎರಡನೆಯವಳು."

"ನೀನು ಲೆಕ್ಕದಲ್ಲಿ ಫಸ್ಟು ಅಂತ ಯಾರೋ ಹೇಳಿದ್ರಲ್ಲ ನನಗೆ!"

ಆಗ ಹೇಳಿದೆ. ನಮ್ಮ ಕಡೆ ಚೊಚ್ಚಲ ಮಗುವನ್ನು ಒಂದು ಎಂದು ಕರೆದರೆ ದೆವ್ವಗಳ ಕಣ್ಣು ಬೀಳುತ್ತದೆ, ಅದಕ್ಕೇ ಎಣಿಕೆ ಎರಡರಿಂದ ಶುರು ಎಂದು. ಅವರು ನಕ್ಕರು. "ನಮ್ಮಜ್ಜಿ ಮುದ್ದಾದ ಮಗು ಕಂಡ್ರೆ ಥೂ ಥೂ ಥೂ ಅಂತ ಉಗೀತಿದ್ಲು. ಅದೂ ಇದಕ್ಕೇನೇ" ಎಂದರು. ನನಗೂ ನಗು ಬಂತು. ಆಮೇಲೆ ಹಾಳೆ ತಿರುಗಿಸಿ ಕೊಟ್ಟರು. ಪೂರ್ತಿ ಕೆಂಪು.

ಅಮ್ಮಾ, ಇಂಗ್ಲಿಷಿನವರಿಗೆ ಪ್ರತಿಯೊಂದು ಕ್ರಿಯಾಪದಕ್ಕೂ ಕಾಲ ಬೇಕು. ನಮ್ಮ ಭಾಷೆಯಲ್ಲಿ "ಅಣ್ಣ ಅನ್ನ ತಿನ್ನು" ಎಂದರೆ ಮುಗಿಯಿತು. ನಿನ್ನೆಯೋ, ಇವತ್ತೋ, ನಾಳೆಯೋ, ಅದು ಕೇಳುವವರಿಗೆ ಬಿಟ್ಟದ್ದು. ನಮ್ಮ ಪದ ಬದಲಾಗುವುದೇ ಇಲ್ಲ. ಅವರದು ಬದಲಾಗುತ್ತದೆ. ಇರುವವರಿಗೆ ಈಸ್. ಇಲ್ಲದವರಿಗೆ ವಾಸ್. ನಡುವೆ ಏನೂ ಇಲ್ಲ. ಆಗಿ ಹೋದದ್ದನ್ನು ಬರೆಯುವುದು ಕಷ್ಟವಲ್ಲ. ನಾನು, ಚಿಕ್ಕಪ್ಪ, ಚಿಕ್ಕಮ್ಮ ಮೊದಲನೆಯ ಚಿಕ್ಕ ದೋಣಿಯಲ್ಲಿ ಹೋದೆವು. ಎರಡಣ್ಣ ನನ್ನನ್ನು ಹತ್ತಿಸಿ ಹಿಂದೆ ಬರುವ ದೋಣಿಗೆ ಕಾದು ನಿಂತ. ನಾವು ನದಿಯ ಬಾಯಿಯಲ್ಲಿದ್ದ ದೊಡ್ಡ ದೋಣಿ ಸೇರಿದೆವು. ಹಿಂದಿನ ದೋಣಿ ಬರಲಿಲ್ಲ. ಬೆಳಕು ಹರಿಯುತ್ತದೆಂದು ಯಜಮಾನ ದೊಡ್ಡ ದೋಣಿಯನ್ನು ಬಿಟ್ಟುಬಿಟ್ಟ. ಇದೆಲ್ಲ ಸಲೀಸು, ಟೀಚರಿಗೆ ಕೊಟ್ಟ ಪುಟದಲ್ಲಿ ಮಾತ್ರ ಹಾಕಲಿಲ್ಲ. ಆದರೆ ಎರಡಣ್ಣನಿಗೆ ಹುಳಿಸಾರು ಇಷ್ಟ ಎಂದು ಬರೆಯಲು ಹೋದರೆ ಪೆನ್ನು ನಿಲ್ಲುತ್ತದೆ.

"ನೋಡು, ಇಲ್ಲಿ ಈಸ್, ಕೆಳಗೆ ವಾಸ್, ಮತ್ತೆ ಈಸ್" ಎಂದರು ಮಿಸೆಸ್ ಕರಾಲಿಸ್. "ಒಂದೇ ಪುಟದಲ್ಲಿ ನಿಮ್ಮಣ್ಣ ಮೂರು ಸಲ ಹೋಗಿ ಮೂರು ಸಲ ಬಂದಿದಾನೆ. ಬರಹ ತುಂಬಾ ಚೆನ್ನಾಗಿದೆ ಉಯೆನ್. ಕಾಲ ಮಾತ್ರ ಯಾವುದಾದ್ರೂ ಒಂದು ಇಟ್ಕೋ."

ಅವರಿಗೆ ಅದು ವ್ಯಾಕರಣ. ಆಗಲಿ ಮಿಸ್ ಎಂದು ಬಂದೆ. ಯಾವುದನ್ನು ಇಟ್ಟುಕೊಳ್ಳಲಿ ಅಮ್ಮಾ?

ಉಯೆನ್


ಬೆನ್ ತ್ರೆ
15 ಮೇ 1993

ಮೂರಮ್ಮಾ,

ಅದೇನು ಭಾಷೆಯೋ, ಬಾಯಿ ತೆಗೆಯುವ ಮೊದಲೇ ಯಾರು ಬದುಕಿದ್ದಾರೆ ಯಾರು ಸತ್ತಿದ್ದಾರೆ ಎಂದು ವರದಿ ಕೊಡಬೇಕೆಂದರೆ! ಪೊಲೀಸರ ಭಾಷೆಯಿರಬೇಕು.

ಕೇಳಿಸಿಕೋ. ಆ ವಾಸ್ ಒಳಗೆ ನನ್ನ ಮಗನನ್ನು ಇಡಬೇಡ. ಹೆತ್ತವಳು ನಾನು ಇಟ್ಟಿಲ್ಲ, ನಿನ್ನ ಟೀಚರ್ ಯಾರು ಇಡುವುದಕ್ಕೆ? ಅಂಕ ಹೋದರೆ ಹೋಗಲಿ.

ಸುಮ್ಮನೆ ಹೇಳುತ್ತಿಲ್ಲ. ಮೀನು ಮಾರುವ ಏಳಕ್ಕನ ತಂಗಿಯ ಮಗ ಥಾಯ್ಲೆಂಡಿನ ಜೈಲಿನಿಂದ ಬಿಡುಗಡೆಯಾಗಿ ಬಂದಿದ್ದಾನೆ. ಗಡಿ ದಾಟಿ ಬಲೆ ಬೀಸಿದರೆಂದು ಹಿಡಿದಿದ್ದರು. ಅವನಿದ್ದ ಜೈಲಿನ ಇನ್ನೊಂದು ಕಟ್ಟಡದಲ್ಲಿ ನಮ್ಮ ಕಡೆಯವನೊಬ್ಬ ಇದ್ದಾನಂತೆ, ಯಾರ ಜೊತೆಗೂ ಮಾತಿಲ್ಲವಂತೆ, ಊಟ ಮಾಡುವುದೂ ಎಡಗೈಯಲ್ಲಿ, ಗೋಡೆಯ ಮೇಲೆ ಏನಾದರೂ ಗೀಚುವುದೂ ಎಡಗೈಯಲ್ಲಿ. ನಾನು ಎರಡಪ್ಪನ ಫೋಟೋ ತೋರಿಸಿದೆ. "ದೂರದಿಂದ ನೋಡಿದ್ದು ದೊಡ್ಡಮ್ಮ, ಇರಬೋದು" ಎಂದ. ಇರಬಹುದು ಎಂದನೇ ಹೊರತು ಅಲ್ಲ ಎನ್ನಲಿಲ್ಲ. ನಾನು ಎರಡು ಸಲ ಕೇಳಿದೆ.

ಸಾಯ್‌ಗಾನಿಗೆ ಹೋಗಿ ವಿಚಾರಣೆಗೆ ಅರ್ಜಿ ಹಾಕುತ್ತೇನೆ. ನೀನು ಈಸ್ ಬರೆ.

ಅಮ್ಮ


ಕ್ಯಾಬ್ರಮ್ಯಾಟಾ
20 ಜೂನ್ 1993

ಅಮ್ಮಾ,

ನಿನ್ನ ಕಾಗದ ಓದಿ ಚಿಕ್ಕಮ್ಮ ಅತ್ತಳು. ಚಿಕ್ಕಪ್ಪ ಆಮೇಲೆ ನನ್ನನ್ನು ಮಾತ್ರ ಕರೆದು, "ಎಡಗೈಯವರು ಊರಲ್ಲಿ ಒಬ್ನೇನಾ ಇರೋದು? ನಿಮ್ಮಮ್ಮನಿಗೆ ಆಸೆ ಹುಟ್ಟಿಸ್ಬೇಡ, ಅಷ್ಟೇ ನಾನು ಹೇಳೋದು" ಎಂದ. ನಾನೇ ಹುಟ್ಟಿಸಿದ ಹಾಗೆ! ಸಿಟ್ಟಿನಿಂದ ಬಾಗಿಲು ಹಾಕಿಕೊಂಡೆ. ನನಗೂ ಆಸೆ ಹುಟ್ಟಿದೆ ಅಮ್ಮಾ, ಅದನ್ನು ಅವನಿಗೆ ಹೇಳಲಿಲ್ಲ.

ಚಳಿ ಶುರುವಾಗಿದೆ. ಬೆರಳು ಮರಗಟ್ಟುತ್ತದೆ. ಲೆಕ್ಕದ ಪುಸ್ತಕವನ್ನು ನಾನು ಊಟವಾದ ಮೇಲಿನ ಬಾಳೆಹಣ್ಣಿನ ಹಾಗೆ ಕೊನೆಗೆ ಎತ್ತಿಟ್ಟುಕೊಳ್ಳುತ್ತೇನೆ. ಮೊದಲು ಇಂಗ್ಲಿಷ್. ಹಳೆಯ ಪ್ರಶ್ನೆಪತ್ರಿಕೆಗಳನ್ನು ತಂದು ಪ್ರಶ್ನೆಗಳನ್ನು ಜಾತಿವಾರು ವಿಂಗಡಿಸಿದೆ. ನಾಟಕಕ್ಕೆ ಹೇಗೆ ತಿರುಗಿಸಿ ಕೇಳಿದರೂ ಹೊಂದುವ ಹಾಗೆ ಒಂದು ಪ್ರಬಂಧವನ್ನು ಬಾಯಿಪಾಠ ಮಾಡಿದ್ದೇನೆ, ಎರಡು ಗೆರೆ ಎಳೆಯುವುದನ್ನು ಬಿಟ್ಟಿದ್ದೇನೆ. ಕವಿತೆಗೂ ದಾರಿ ಮಾಡಿಕೊಂಡೆ. ಸ್ವಂತ ಬರಹ ಒಂದೇ ಬಾಕಿ.

ನೀನು ಹೇಳಿದ ಹಾಗೆ ಎಲ್ಲವನ್ನೂ ಈಸ್ ಮಾಡಿ ಬರೆದುಕೊಂಡು ಹೋದೆ. ಮಿಸೆಸ್ ಕರಾಲಿಸ್ ಓದಿದರು. "ಈಗ ಕಾಲ ಸರಿ ಇದೆ. ಆದ್ರೆ ಅವನು ಈಗ ಎಲ್ಲಿದಾನೆ, ಏನ್ಮಾಡ್ತಿದಾನೆ, ಒಂದು ಸಾಲೂ ಇಲ್ವಲ್ಲ. ಓದೋರಿಗೆ ಬೇಕಲ್ವಾ ಅದು?" ಎಂದರು. ಅದನ್ನು ಬರೆಯಲು ಆಗುವುದಿಲ್ಲ ಮಿಸ್ ಎಂದೆ. ಹಾಗಿದ್ದರೆ ಬೇರೆ ಯಾರ ಬಗ್ಗೆಯಾದರೂ ಬರಿ ಎಂದರು. ಚಿಕ್ಕಮ್ಮನ ಬಗ್ಗೆ ಬರೆದೆ, ಹೊಲಿಗೆ ಯಂತ್ರದ ಬಗ್ಗೆ ಬರೆದೆ, ಬಸ್ ಸ್ಟಾಪಿನಲ್ಲಿ ಸಿಗುವ ಮುದುಕನ ಬಗ್ಗೆ ಬರೆದೆ. ಎಲ್ಲಕ್ಕೂ ಅವರು ಹೇಳಿದ್ದು ಒಂದೇ, ಹಲಗೆ.

ಲೆಕ್ಕದಲ್ಲಿ ಗೊತ್ತಿಲ್ಲದ್ದಕ್ಕೆ ಒಂದು ಅಕ್ಷರ ಇಟ್ಟುಕೊಳ್ಳಬಹುದು. ಅದರ ಬೆಲೆ ಏನೆಂದು ಯಾರೂ ತಕ್ಷಣ ಕೇಳುವುದಿಲ್ಲ. ಅದನ್ನು ಕೂಡಿ, ಕಳೆದು, ಎಷ್ಟು ಪುಟ ಬೇಕಾದರೂ ಹೊತ್ತುಕೊಂಡು ಹೋಗಬಹುದು. ಇಂಗ್ಲಿಷಿನಲ್ಲಿ ಆ ಅಕ್ಷರ ಇಲ್ಲ. ಎಷ್ಟು ಹುಡುಕಿದೆ ಗೊತ್ತೇ.

ಅರ್ಜಿ ಏನಾಯಿತು?

ಉಯೆನ್


ಬೆನ್ ತ್ರೆ
17 ಜುಲೈ 1993

ಮೂರಮ್ಮಾ,

ಸಾಯ್‌ಗಾನಿಗೆ ಹೋಗಿ ಬಂದೆ. ಬಸ್ಸಿನಲ್ಲಿ ಬಾತುಕೋಳಿಗಳ ಜೊತೆ. ಕಚೇರಿಯಲ್ಲಿ ಹೆಣ್ಣುಮಗಳೊಬ್ಬಳು ಮರ್ಯಾದೆಯಿಂದ ಮಾತಾಡಿಸಿದಳು. ಅಷ್ಟರಿಂದಲೇ ನನಗೆ ಕೆಲಸವಾಗುತ್ತದೆ ಅನ್ನಿಸಿತು. ಫೋಟೋ ತೆಗೆದುಕೊಂಡರು. ಜೈಲಿಗೆ ಬರೆದು ವಿಚಾರಿಸುತ್ತಾರಂತೆ. ವಯಸ್ಸು ಎಷ್ಟು ಎಂದಳು, ಇಪ್ಪತ್ತನಾಲ್ಕು ಎಂದೆ. ಮದುವೆ ಎಂದಳು. "ಇನ್ನೂ ಇಲ್ಲಮ್ಮ, ನೋಡ್ಬೇಕು" ಎಂದೆ. ಹೊರಗೆ ಬಂದ ಮೇಲೆ ನನಗೇ ನಗು ಬಂತು.

ಹೊದಿಕೆಗಳನ್ನೆಲ್ಲ ಒಗೆದು ಹಾಕಿದ್ದೇನೆ. ಅವನ ಮಂಚದ ಮೇಲೆ ಕಡುಬಿನ ಎಲೆಯ ಕಟ್ಟು ಇಡುತ್ತಿದ್ದೆ, ಈಗ ಕೆಳಗಿಟ್ಟಿದ್ದೇನೆ.

ನೀನು ಓದು. ಚಿಕ್ಕಪ್ಪನ ಜೊತೆ ಜಗಳವಾಡಬೇಡ. ಅವನ ಅನ್ನ ತಿನ್ನುತ್ತಿದ್ದೀಯ.

ಅಮ್ಮ


ಕ್ಯಾಬ್ರಮ್ಯಾಟಾ
29 ಆಗಸ್ಟ್ 1993

ಅಮ್ಮಾ,

ಪೂರ್ವಸಿದ್ಧತಾ ಪರೀಕ್ಷೆ ಮುಗಿಯಿತು. ಲೆಕ್ಕದಲ್ಲಿ ಶಾಲೆಗೇ ಮೊದಲು. ಇಂಗ್ಲಿಷಿನಲ್ಲಿ ಬಿದ್ದೆ. ನಾಟಕ ಪರವಾಗಿಲ್ಲ, ಕವಿತೆ ಪರವಾಗಿಲ್ಲ, ಸ್ವಂತ ಬರಹಕ್ಕೆ ಇಪ್ಪತ್ತಕ್ಕೆ ನಾಲ್ಕು. ಎರಡಣ್ಣನನ್ನೇ ಬರೆಯಲು ಕೂತೆ. ಈಸ್ ಬರೆದರೆ ಸುಳ್ಳು ಸಾಕ್ಷಿ ಹೇಳಿದ ಹಾಗಾಯಿತು. ಹೊಡೆದು ಹಾಕಿದೆ. ವಾಸ್ ಬರೆದರೆ ನೀನು ಎದುರು ಬಂದು ನಿಂತೆ. ಅದನ್ನೂ ಹೊಡೆದು ಹಾಕಿದೆ. ಗಂಟೆ ಹೊಡೆಯಿತು.

ಮಿಸೆಸ್ ಕರಾಲಿಸ್ ಕರೆದು ಬಾಗಿಲು ಮುಂದೆ ಮಾಡಿದರು. ಹೊಡೆದು ಹಾಕಿದ ಸಾಲುಗಳ ಮೇಲೆ ಬೆರಳಿಟ್ಟು, "ನಿಮ್ಮಣ್ಣ ಎಲ್ಲಿದಾನೆ ಉಯೆನ್?" ಎಂದು ಕೇಳಿದರು. ಬೈಯುವ ದನಿಯಲ್ಲಿ ಅಲ್ಲ. ಅಲ್ಲಿಯವರೆಗೆ ಯಾರಿಗೂ ಹೇಳಿರದ ಎರಡು ದೋಣಿಯ ಕಥೆಯನ್ನು ಅವರಿಗೆ ಹೇಳಿದೆ. ಅವರಿಗೆ ಕೊಟ್ಟ ಯಾವ ಪುಟದಲ್ಲೂ ಅದನ್ನು ಬರೆದಿರಲಿಲ್ಲ. ಅವರು ಕೆಂಪು ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

"ನಾನು ಕೆಂಪಿಂಕಲ್ಲಿ ಏನೇನೋ ಬರೆದುಬಿಟ್ಟೆನಲ್ಲೇ" ಎಂದರು. ಆಮೇಲೆ, "ಗೊತ್ತಿಲ್ಲ ಅಂತಾನೇ ಬರಿ. ಅದೇ ನಿಜ ತಾನೇ?" ಎಂದರು.

ಪ್ರಯತ್ನ ಮಾಡಿದೆ ಅಮ್ಮಾ. ಅವನು ಇದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ ಎಂದು ಒಂದು ವಾಕ್ಯ ಬರೆಯಬಹುದು. ಮುಂದಿನ ವಾಕ್ಯ? ಅವನ ಎತ್ತರ, ಅವನ ಗುಂಗುರು ಕೂದಲು, ಹಾಡು ತಪ್ಪಾಗಿ ಹಾಡುವ ಚಟ, ಇವುಗಳಲ್ಲಿ ಯಾವುದನ್ನು ಬರೆದರೂ ಮತ್ತೆ ಅದೇ ಬಾಗಿಲು, ಈ ಕಡೆಯೋ ಆ ಕಡೆಯೋ. ಗೊತ್ತಿಲ್ಲ ಎಂದು ಸಾಲಿಗೊಮ್ಮೆ ಬರೆಯಲು ಆಗುವುದಿಲ್ಲ.

ಇಷ್ಟೇ ಅಂಕ ನವೆಂಬರಿನಲ್ಲೂ ಬಂದರೆ ಗಣಿತದ ಕೋರ್ಸು ಇಲ್ಲ. ಚಿಕ್ಕಪ್ಪ ಫ್ಯಾಕ್ಟರಿಯಲ್ಲಿ ಪ್ಯಾಕಿಂಗಿಗೆ ಜಾಗ ಇದೆಯೆಂದು ಹೇಳಿಟ್ಟಿದ್ದಾನೆ. ಬೈದು ಹೇಳಿದ್ದಲ್ಲ, ಪಾಪ, ನನಗೊಂದು ದಾರಿ ಇರಲಿ ಎಂದು.

ಜೈಲಿನಿಂದ ಸುದ್ದಿ ಬಂದರೆ ಪರೀಕ್ಷೆಯ ಮೊದಲೇ ತಿಳಿಸು. ಯಾವ ಸುದ್ದಿಯಾದರೂ.

ಉಯೆನ್


ಬೆನ್ ತ್ರೆ
24 ಸೆಪ್ಟೆಂಬರ್ 1993

ಮೂರಮ್ಮಾ,

ಉತ್ತರ ಬಂತು. ಅವನು ನಮ್ಮವನಲ್ಲ. ಕಾ ಮೌ ಕಡೆಯ ಬೆಸ್ತ, ವಯಸ್ಸು ಐವತ್ತೆರಡು. ಬಲಗೈ ಯಂತ್ರಕ್ಕೆ ಸಿಕ್ಕಿ ಹೋಗಿದೆಯಂತೆ, ಅದಕ್ಕೇ ಎಡಗೈ.

ಏಳಕ್ಕನ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ನಾನೇ ಅವನ ಬಾಯಿಯಿಂದ ಹೊರಡಿಸಿದ ಮಾತು ಅದು.

ಪರೀಕ್ಷೆ ಚೆನ್ನಾಗಿ ಬರೆ.

ಅಮ್ಮ


ಕ್ಯಾಬ್ರಮ್ಯಾಟಾ
3 ನವೆಂಬರ್ 1993

ಅಮ್ಮಾ,

ಇವತ್ತು ಇಂಗ್ಲಿಷ್ ಪರೀಕ್ಷೆ. ಮನೆಗೆ ಬಂದು ಸಮವಸ್ತ್ರ ಕೂಡ ಬದಲಾಯಿಸದೆ ಬರೆಯುತ್ತಿದ್ದೇನೆ. ನಾಳೆಯಾದರೆ ಧೈರ್ಯ ಇರುವುದಿಲ್ಲ. ಪರೀಕ್ಷೆ ಹೇಗಾಯಿತೆಂದು ಚಿಕ್ಕಮ್ಮ ಕೇಳಿದಳು, ಚೆನ್ನಾಗಾಯಿತು ಎಂದೆ. ಅದು ನಿಜ.

ಸ್ವಂತ ಬರಹಕ್ಕೆ ಬಂದ ಪ್ರಶ್ನೆ, ನಿನಗೆ ಏನನ್ನಾದರೂ ಕಲಿಸಿದ ಒಬ್ಬ ವ್ಯಕ್ತಿ. ಸುತ್ತ ಎಲ್ಲರೂ ಬರೆಯಲು ಶುರುಮಾಡಿದರು. ನಾನು ಪೆನ್ನು ಹಿಡಿದು ಕೂತಿದ್ದೆ. ಹಲಗೆಯೇ ಸರಿ, ಬಸ್ ಸ್ಟಾಪಿನ ಮುದುಕನ ಬಗ್ಗೆ ಬರೆದು ಎದ್ದುಬಿಡೋಣ ಎಂದುಕೊಂಡೆ. ಮುದುಕ ನನಗೆ ಏನೂ ಕಲಿಸಿಲ್ಲ.

ಆಗ ವಾಸ್ ಬರೆದೆ ಅಮ್ಮಾ. ಮೊದಲನೆಯದನ್ನು ಬರೆದು ಅದರ ಮೇಲೆ ಕೈ ಮುಚ್ಚಿದೆ. ಎರಡನೆಯದನ್ನು ಮುಚ್ಚಲಿಲ್ಲ. ಆಮೇಲೆ ಏನಾಯಿತೆಂದರೆ, ಇದನ್ನು ನಿನಗೆ ಹೇಗೆ ಹೇಳಲಿ, ಎಲ್ಲವೂ ತಾನೇ ಬಂತು. ಅವನಿಗೆ ಹುಳಿಸಾರು ಇಷ್ಟವಿತ್ತು. ಅವನು ಎತ್ತರವಿದ್ದ. ಬೀದಿ ಹಾಡುಗಳನ್ನು ತಪ್ಪಾಗಿ ಹಾಡುತ್ತಿದ್ದ, ತಿದ್ದಿದರೆ ಇನ್ನೂ ಜೋರಾಗಿ ಹಾಡುತ್ತಿದ್ದ. ಮರಳಿನ ಮೇಲೆ ಲೆಕ್ಕ ಬಿಡಿಸುವಾಗ ನಾನು ಅವನ ಎಡಗಡೆ ಕೂತರೆ ಬೈಯುತ್ತಿದ್ದ, ಕೈ ತಾಗುತ್ತದೆಂದು. ಐದು ವರ್ಷದಿಂದ ಇಷ್ಟು ಸ್ಪಷ್ಟವಾಗಿ ಅವನು ನನಗೆ ಕಂಡಿರಲಿಲ್ಲ. ಒಂದು ಚಿತ್ತೂ ಇಲ್ಲದೆ ಐದು ಪುಟ ಬರೆದೆ. ಪಕ್ಕದ ಮೇಜಿನ ಹುಡುಗಿ ತಲೆಯೆತ್ತಿ ನೋಡಿದಳು, ನಾನು ಅಳುತ್ತಿದ್ದೆನೆಂದು ಕಾಣುತ್ತದೆ.

ನನಗೆ ಅಂಕ ಬೇಕಿತ್ತು, ಅದಕ್ಕೇ ಬರೆದೆ. ಆದರೆ ಅಂಕಕ್ಕಾಗಿ ಮಾತ್ರ ಬರೆದಿದ್ದರೆ ಹೊರಗೆ ಬಂದ ಮೇಲೆ "ಇಲ್ಲ, ಅದು ಬರೀ ಇಂಗ್ಲಿಷ್" ಎಂದುಕೊಳ್ಳಬಹುದಿತ್ತು. ರೈಲು ನಿಲ್ದಾಣದವರೆಗೂ ಹಾಗೆಂದುಕೊಂಡು ನೋಡಿದೆ. ಆಗಲಿಲ್ಲ. ಈಗ ಅವನನ್ನು ನೆನೆಯಲು ಹೋದರೆ ನಮ್ಮ ಭಾಷೆಯಲ್ಲೂ ಅವನು ಆ ಕಡೆಯೇ ಇದ್ದಾನೆ.

ನೀನು ಬೇಡ ಎಂದಿದ್ದೆ. ನಿನ್ನನ್ನು ಕೇಳದೆ ನಾನು ಒಬ್ಬಳೇ, ನೀನು ಕಾಣದ ಊರಿನ ಪರೀಕ್ಷಾ ಕೋಣೆಯಲ್ಲಿ ಕೂತು ಅದನ್ನು ಮಾಡಿಬಿಟ್ಟೆ. ಬೈದು ಬರೆ. ಏನಾದರೂ ಬರೆ.

ಉಯೆನ್


ಕ್ಯಾಬ್ರಮ್ಯಾಟಾ
12 ಜನವರಿ 1994

ಅಮ್ಮಾ,

ಎರಡು ತಿಂಗಳಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಅಂಚೆಯಲ್ಲಿ ಕಳೆದಿರಬೇಕೆಂದು ಚಿಕ್ಕಮ್ಮ ಹೇಳುತ್ತಾಳೆ. ಕಳೆದಿಲ್ಲ ಎಂದು ನನಗೆ ಗೊತ್ತು.

ಫಲಿತಾಂಶ ಬಂತು. ಸೀಟು ಸಿಗುತ್ತದೆ. ಮಾರ್ಚಿನಿಂದ ಗಣಿತ. ಇಂಗ್ಲಿಷಿನಲ್ಲಿ ನಾನು ಎಣಿಸದಷ್ಟು ಬಂದಿದೆ. ಚಿಕ್ಕಪ್ಪ ಸುಟ್ಟ ಬಾತುಕೋಳಿ ತಂದು ಬೀದಿಯವರನ್ನೆಲ್ಲ ಕರೆದ. "ನಮ್ಮ ಹುಡುಗಿ ಅವರ ಭಾಷೇಲೇ ಅವರನ್ನ ಹೊಡೆದುಹಾಕಿದ್ಲು ಕಣ್ರೋ!" ಎಂದು ಬಿಯರ್ ಎತ್ತಿದ. ಎಲ್ಲರೂ ನಕ್ಕರು. ನಾನು ಪಾತ್ರೆ ತೊಳೆಯುವ ನೆಪ ಮಾಡಿ ಒಳಗೆ ಹೋದೆ. ಚಿಕ್ಕಪ್ಪ ಹಿಂದೆಯೇ ಬಂದ. ನನ್ನ ಪಕ್ಕ ನಿಂತು ತೊಳೆದ ಬಟ್ಟಲುಗಳನ್ನು ಒರೆಸಿದ. ಅವನು ಮನೆಯಲ್ಲಿ ಬಟ್ಟಲು ಮುಟ್ಟಿದವನಲ್ಲ, ನಿನಗೆ ಗೊತ್ತಲ್ಲ.

ಬೇಕಾದ್ದು ಸಿಕ್ಕಿತು ಅಮ್ಮಾ. ಖುಷಿಯಾಗುತ್ತಿಲ್ಲ. ನೀನು ಮಾತಾಡುವವರೆಗೆ ಆಗುವುದಿಲ್ಲ.

ಉಯೆನ್


ಬೆನ್ ತ್ರೆ
30 ಜನವರಿ 1994

ಮೂರಮ್ಮಾ,

ನಿನ್ನ ಎರಡು ಕಾಗದವೂ ಬಂದಿವೆ. ಯಾವುದೂ ಕಳೆದಿಲ್ಲ.

ಮೊದಲನೆಯದನ್ನು ಓದಿ ನಾನು ನಿನಗೆ ಬಾಯಿಗೆ ಬಂದ ಹಾಗೆ ಬೈದೆ. ಬರೆಯಲಿಲ್ಲ, ಗೋಡೆಗೆ ಬೈದೆ. ಹೊಟ್ಟೆಯಲ್ಲಿ ಹುಟ್ಟಿದ್ದೇ ಹೀಗೆ ಮಾಡಿತಲ್ಲ ಎಂದು ಏಳಕ್ಕನ ಮುಂದೆ ಹೇಳಿಕೊಂಡು ಅತ್ತೆ. ಅವಳು ಮೀನಿನ ಕೈಯಲ್ಲೇ ನನ್ನ ಬೆನ್ನು ಸವರಿದಳು, ರವಿಕೆ ಹಾಳಾಯಿತು. ಆಮೇಲೆ ದಿನವೂ ಕಟ್ಟೆಯಿಂದ ಬಂದು ಆ ಕಾಗದವನ್ನೇ ಓದುತ್ತಿದ್ದೆ. ಹುಳಿಸಾರಿನ ಜಾಗ, ಹಾಡಿನ ಜಾಗ, ಕೈ ತಾಗುತ್ತದೆಂದು ಬೈಯುವ ಜಾಗ. ಅಷ್ಟು ದೂರ ಕೂತು ನೀನು ಕಂಡ ಹಾಗೆ, ಇಲ್ಲೇ ಅವನ ಮಂಚದ ಪಕ್ಕದಲ್ಲಿರುವ ನನಗೆ ಅವನು ಕಂಡು ಎಷ್ಟೋ ಕಾಲವಾಗಿತ್ತು. ನಾನು ಅವನನ್ನು ಜೈಲುಗಳಲ್ಲಿ ಹುಡುಕುತ್ತಿದ್ದೆ. ಅವನ ಮುಖ ಬಿಟ್ಟು ಕೈಯನ್ನೇ ಹುಡುಕುತ್ತಿದ್ದೆ.

ಒಂದು ದಿನ ಬೆಳಿಗ್ಗೆ ಅನ್ನ ಬಡಿಸುವಾಗ ಪಾತ್ರೆಯಲ್ಲಿ ಏನೂ ಬಿಡಲಿಲ್ಲ. ಬೇಕೆಂದು ಮಾಡಿದ್ದಲ್ಲ. ಪಾತ್ರೆ ತೊಳೆಯುವಾಗ ಗೊತ್ತಾಯಿತು. ಅಲ್ಲೇ ಕೂತುಬಿಟ್ಟೆ.

ನಿಮ್ಮ ಚಿಕ್ಕಪ್ಪ ಹೇಳಿದ ದಿನವನ್ನು ನಾನು ಈಗಲೂ ಒಪ್ಪುವುದಿಲ್ಲ. ಆ ದಿನ ಅವನು ನಗುತ್ತ ಹೋದ. ಪಂಚಾಂಗ ತೆಗೆಸಿ ನಿನ್ನ ಪರೀಕ್ಷೆಯ ದಿನವನ್ನು ನೋಡಿದೆ, ನಮ್ಮ ಒಂಬತ್ತನೆಯ ತಿಂಗಳ ಇಪ್ಪತ್ತು. ನಮ್ಮ ಮನೆಯವರೊಬ್ಬರು ಅವನಿಗೋಸ್ಕರ ಕೂತು ಅತ್ತ ದಿನ ಅದು. ಅದನ್ನೇ ಇಟ್ಟಿದ್ದೇನೆ. ಮುಂದಿನ ವರ್ಷದಿಂದ ಆ ದಿನ ನಾನು ಇಲ್ಲಿ ಅಡುಗೆ ಮಾಡುತ್ತೇನೆ, ನೀನು ಅಲ್ಲಿ ಮಾಡು. ಚಿಕ್ಕಪ್ಪನನ್ನೂ ಕೂರಿಸು. ಅವನಿಗೆ ನಾನು ಬರೆದ ಮಾತು ಜಾಸ್ತಿಯಾಯಿತು.

ನಮ್ಮ ಹೊಸವರ್ಷದ ಹಬ್ಬ ಹತ್ತಿರ ಬಂತು. ಅಷ್ಟರೊಳಗೆ ಅಪ್ಪನ ಪಕ್ಕದಲ್ಲಿ ಇಡೋಣವೆಂದು ಅವನ ಫೋಟೋವನ್ನು ದೊಡ್ಡದು ಮಾಡಿಸಲು ಸ್ಟುಡಿಯೋಗೆ ಕೊಟ್ಟೆ. ಕೆಳಗೆ ಹೆಸರು ಬರೆಯುತ್ತಾರೆ, ಎಷ್ಟು ವರ್ಷ ಬಾಳಿದ ಎಂದು ಬರೆಯುತ್ತಾರೆ. ಹೆಸರು ಖಾಯ್ ಎಂದು ಹೇಳಿದೆ. "ವಯಸ್ಸು ಎಷ್ಟು ಹಾಕ್ಲಿ ಅಮ್ಮ?" ಎಂದ ಹುಡುಗ. ಆಮೇಲೆ ಹೇಳುತ್ತೇನೆ ಎಂದೆ. ವಾಪಸು ಬಂದೆ.

ದೋಣಿ ಹತ್ತಿದ ದಿನ ಅವನಿಗೆ ಹತ್ತೊಂಬತ್ತು. ಅವನು ಹೋದ ಮೇಲೂ ಪ್ರತಿ ಹೊಸವರ್ಷಕ್ಕೆ ನಾನು ಒಂದೊಂದು ಕೂಡಿಸುತ್ತ ಬಂದಿದ್ದೇನೆ, ಈಗ ಇಪ್ಪತ್ತನಾಲ್ಕು. ಹತ್ತೊಂಬತ್ತು ಎಂದು ಬರೆಸಿದರೆ ಈ ಐದು ವರ್ಷ ನಾನು ಯಾರಿಗೆ ಅನ್ನ ಎತ್ತಿಟ್ಟೆ? ಇಪ್ಪತ್ತನಾಲ್ಕು ಎಂದು ಬರೆಸಿದರೆ ಐದು ವರ್ಷ ಅವನು ಎಲ್ಲಿದ್ದ, ಯಾಕೆ ಮನೆಗೆ ಬರಲಿಲ್ಲ?

ಇದಕ್ಕೆ ಇಂಗ್ಲಿಷ್ ಬೇಡ. ಇದು ಲೆಕ್ಕ, ನಿನಗೆ ಬರುವ ವಿಷಯ. ನೀನೇ ಮಾಡಿ ಉತ್ತರ ಕಳಿಸು. ಸ್ಟುಡಿಯೋದ ಹುಡುಗ ಆ ಜಾಗವನ್ನು ಖಾಲಿ ಬಿಟ್ಟಿದ್ದಾನೆ.

ಅಮ್ಮ